ಜೊತೆಗಾರರು ಮಾತನಾಡುವಂತಿಲ್ಲ

ತೋಟದ ಮನೆ, ದೋಣಿಗಲ್
14 ಫೆಬ್ರವರಿ 2025

ಎಲೈನ್,

ನಿನ್ನೆ ಫೋನಿನಲ್ಲಿ ನೀನು ಅತ್ತೆ, ನಾನು ಕೂಗಾಡಿದೆ. ಕೆಲಸ ಒಂದೂ ಆಗಲಿಲ್ಲ. ಇನ್ನು ಈ ವಿಚಾರ ಕಾಗದದಲ್ಲೇ ಆಗಲಿ. ಕಾಗದದಲ್ಲಿ ಯಾರು ಅತ್ತರೂ ಕೇಳಿಸುವುದಿಲ್ಲ.

ನನಗೆ ತಿಳಿದದ್ದು ಇಷ್ಟು. ನಿನ್ನ ಎಂ.ಎಸ್ಸಿ. ಪ್ರಾಜೆಕ್ಟ್ ವರದಿಯಲ್ಲಿ ಕಾಫಿ ಗಿಡಕ್ಕೆ ಬೀಳುವ ಕಾಂಡಕೊರಕ ಹುಳದ ಅಂಕಿಗಳಿವೆ. ನಿನ್ನ ತರಗತಿಯ ಶ್ರೀನಾಥ್ ಎಂಬ ಹುಡುಗನ ವರದಿಯಲ್ಲೂ ಅವೇ ಅಂಕಿಗಳಿವೆ. ಅವನು ನಿನಗಿಂತ ಎಂಟು ದಿನ ಮೊದಲು ಒಪ್ಪಿಸಿದ್ದಾನೆ. ಆದ್ದರಿಂದ ಕದ್ದವಳು ನೀನು ಎಂದು ಶಿಸ್ತು ಸಮಿತಿ ನೋಟಿಸು ಕೊಟ್ಟಿದೆ.

ನಮ್ಮ ತೋಟದ ಕ್ರಮ ನಿನಗೆ ಗೊತ್ತು. ಜಗಳ, ಕಳವು, ದೂರು ಏನೇ ಬರಲಿ, ಹೆಸರು ಬಂದವರು ತೋಟದ ಸ್ಟೋರ್ ರೂಮಿಗೆ ಬಂದು ‘ತಪ್ಪಾಯಿತು’ ಎಂದು ಒಂದು ಚೀಟಿ ಬರೆದುಕೊಡುತ್ತಾರೆ. ಬರೆಯಲು ಬಾರದವರು, ಲೆಕ್ಕ ಬರೆಯುವ ರೈಟರ್ ಬರೆದದ್ದಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ. ನಾನು ಅದನ್ನು ಡ್ರಾಯರಿಗೆ ಹಾಕುತ್ತೇನೆ. ಮರುದಿನ ಎಲ್ಲರೂ ಕೆಲಸಕ್ಕೆ ಹೋಗುತ್ತಾರೆ. ಯಾರು ಸರಿ, ಯಾರು ತಪ್ಪು ಎಂದು ವಾರಗಟ್ಟಲೆ ಎಳೆದಾಡುವ ಪದ್ಧತಿ ನಮ್ಮಲ್ಲಿಲ್ಲ.

ನೀನೂ ಹಾಗೇ ಮಾಡು. ತಪ್ಪಾಯಿತು, ಕ್ಷಮಿಸಬೇಕು ಎಂದು ನಾಲ್ಕು ಸಾಲು ಬರೆದು ಕೊಟ್ಟು ಮುಗಿಸು. ವಾದ ಮಾಡಬೇಡ. ನಿನ್ನ ಅಮ್ಮನಿಗೆ ಕುವೈತಿಗೆ ತಿಳಿಸಬೇಡ, ಅಲ್ಲಿ ಡ್ಯೂಟಿಯಲ್ಲಿ ಅತ್ತುಕೊಂಡು ಓಡಾಡುತ್ತಾಳೆ. ಚರ್ಚಿನಲ್ಲಿ ಯಾರಿಗೂ ಇನ್ನೂ ಗೊತ್ತಾಗಿಲ್ಲ.

ಬರೆದುಕೊಟ್ಟ ಮೇಲೆ ನನಗೆ ತಿಳಿಸು.

ನಿನ್ನ ಅಜ್ಜಿ,
ಮೊಡೆಸ್ಟಾ


ಮಹಿಳಾ ಹಾಸ್ಟೆಲ್
20 ಫೆಬ್ರವರಿ 2025

ಮಾಂಯ್,

ನೀವು ಹೇಳಿದ ಹಾಗೆ ಬರೆದುಕೊಟ್ಟೆ. ನಾಲ್ಕು ಸಾಲು. ಗುಮಾಸ್ತರು ಅದಕ್ಕೆ ಮೊಹರು ಹಾಕಿ ನನಗೊಂದು ಪ್ರತಿ ಕೊಟ್ಟರು.

ನಾನು ಮಾಡಿದೆನೋ ಇಲ್ಲವೋ ಎಂದು ನೀವು ಕೇಳಲಿಲ್ಲ.

ಎಲೈನ್


ಮಹಿಳಾ ಹಾಸ್ಟೆಲ್
11 ಮಾರ್ಚ್ 2025

ಮಾಂಯ್,

ಮುಗಿಯಲಿಲ್ಲ. ಇಲ್ಲಿ ಡ್ರಾಯರ್ ಇಲ್ಲ, ಫೈಲ್ ಇದೆ.

ಸಮಿತಿಯ ಎರಡನೇ ನೋಟಿಸು ಬಂದಿದೆ. ‘ವಿದ್ಯಾರ್ಥಿನಿಯು ಲಿಖಿತವಾಗಿ ತಪ್ಪೊಪ್ಪಿಕೊಂಡಿರುವುದರಿಂದ’ ಎಂದೇ ಅದು ಶುರುವಾಗುತ್ತದೆ. ವರದಿ ರದ್ದು, ಒಂದು ವರ್ಷ ಅಮಾನತು ಎಂದು ಶಿಫಾರಸು ಮಾಡಿದ್ದಾರೆ. ಅಂಕಪಟ್ಟಿಯಲ್ಲೂ ಕಾರಣ ಬರೆಯುತ್ತಾರಂತೆ. ಅದನ್ನು ಹಿಡಿದುಕೊಂಡು ಹೋದರೆ ಮುಂದೆ ಯಾವ ಸಂಶೋಧನಾ ಕೇಂದ್ರವೂ ನನ್ನನ್ನು ಒಳಗೆ ಬಿಡುವುದಿಲ್ಲ.

ಅಂತಿಮ ವಿಚಾರಣೆ ಏಪ್ರಿಲ್ 15ಕ್ಕೆ. ನಿಯಮಗಳ ಪುಸ್ತಕ ಓದಿದೆ, ಮೊದಲೇ ಓದಬೇಕಿತ್ತು. ಸಾಕ್ಷಿಗಳಿದ್ದರೆ ಹೆಸರು ಮುಂಚೆ ಕೊಡಬೇಕು. ವಿದ್ಯಾರ್ಥಿ ತನ್ನ ಜೊತೆಗೆ ಒಬ್ಬರನ್ನು ಕರೆತರಬಹುದು. ಅವರು ಪಕ್ಕದಲ್ಲಿ ಕೂರಬಹುದು, ನೀರು ಕೊಡಬಹುದು. ‘ಜೊತೆಗಾರರು ಮಾತನಾಡುವಂತಿಲ್ಲ’ ಎಂದು ದಪ್ಪ ಅಕ್ಷರದಲ್ಲಿದೆ. ಹೇಳುವುದಿದ್ದರೆ ಬರೆದು ಮುಂಚಿತವಾಗಿ ಕಳಿಸಬೇಕಂತೆ.

ನಾನು ಯಾರ ಹೆಸರನ್ನೂ ಕೊಟ್ಟಿಲ್ಲ. ಈಗ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ನೀರು ಬಿಡುವ ಕಾಲ, ಯಾರಿಗೂ ಬಿಡುವಿಲ್ಲ ಎಂದು ಗೊತ್ತು.

ಎಲೈನ್


ತೋಟದ ಮನೆ, ದೋಣಿಗಲ್
15 ಮಾರ್ಚ್ 2025

ಎಲೈನ್,

ಒಂದೇ ಪ್ರಶ್ನೆ. ನೀನು ಆ ಹುಡುಗನ ವರದಿಯಿಂದ ತೆಗೆದೆಯಾ? ಹೌದು ಅಥವಾ ಇಲ್ಲ. ‘ಆದರೆ’ ಬೇಡ.

ಇಲ್ಲ ಎಂದಾದರೆ ಎರಡೂ ವರದಿಗಳ ಅಂಕಿ ಪಟ್ಟಿಯನ್ನು, ತಾರೀಖುಗಳ ಸಮೇತ, ಸ್ಪೀಡ್ ಪೋಸ್ಟಿನಲ್ಲಿ ಕಳಿಸು. ಅವನ ಕೈಗೆ ನಿನ್ನ ಅಂಕಿಗಳು ಹೇಗೆ ಸಿಕ್ಕವು ಎಂದೂ ಬರೆ.

ಈ ಪ್ರಶ್ನೆಯನ್ನು ತಿಂಗಳ ಹಿಂದೆ ಕೇಳಬೇಕಿತ್ತು ಎಂದು ನೀನು ಹೇಳಬೇಕಾಗಿಲ್ಲ.

ಮೊಡೆಸ್ಟಾ


ಮಹಿಳಾ ಹಾಸ್ಟೆಲ್
19 ಮಾರ್ಚ್ 2025

ಮಾಂಯ್,

ಇಲ್ಲ.

ಪಟ್ಟಿಗಳು ಇದರ ಜೊತೆಗಿವೆ. ಡಿಸೆಂಬರಿನಲ್ಲಿ ಶ್ರೀನಾಥನಿಗೆ ಜಾಂಡಿಸ್ ಆಗಿ ಮೂರು ವಾರ ಮಲಗಿದ್ದ. ಲೆಕ್ಕ ಬರೆಯುವ ರೀತಿ ನೋಡಿಕೊಳ್ಳುತ್ತೇನೆ ಎಂದು, ನಮ್ಮ ತೋಟದಲ್ಲಿ ಗಿಡ ಎಣಿಸಿ ಬರೆದಿಟ್ಟ ನನ್ನ ಪುಸ್ತಕ ಕೇಳಿದ. ಕೊಟ್ಟೆ. ಅದು ವಾಪಸು ಬರಲಿಲ್ಲ, ಫೋನಿನಲ್ಲಿ ಪುಟಗಳ ಫೋಟೋ ಇದ್ದುದರಿಂದ ನನ್ನ ವರದಿ ಬರೆದೆ. ಈಗ ಅವನು ಪುಸ್ತಕವನ್ನೇ ನೋಡಿಲ್ಲ ಎನ್ನುತ್ತಾನೆ, ಫೋಟೋವನ್ನು ಯಾರು ಬೇಕಾದರೂ ತೆಗೆಯಬಹುದು ಎನ್ನುತ್ತಾನೆ. ಅಂಕಿಗಳು ಹೆತ್ತೂರು ಕಡೆಯ ಅವನ ಸೋದರಮಾವನ ತೋಟದ್ದಂತೆ. ಮಾವನೂ ಹಾಗೆಂದು ಬರೆದುಕೊಟ್ಟಿದ್ದಾರೆ.

ಮೊನ್ನೆ ಮೆಸ್ಸಿನಲ್ಲಿ ಎದುರಿಗೆ ಸಿಕ್ಕಿದ. ‘ಒಪ್ಕೊಂಡಿದ್ದೀಯಲ್ಲ ಮಾರಾಯ್ತಿ, ಇನ್ಯಾಕೆ ಒದ್ದಾಡ್ತೀಯ?’ ಅಂದ. ತಟ್ಟೆ ಅಲ್ಲೇ ಬಿಟ್ಟು ಎದ್ದು ಬಂದೆ.

ಎಲೈನ್


ತೋಟದ ಮನೆ, ದೋಣಿಗಲ್
27 ಮಾರ್ಚ್ 2025

ಎಲೈನ್,

ಎರಡು ದಿನ ಪಟ್ಟಿಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೆ. ನಿನ್ನ ಅಪ್ಪ ನಿಂತುಕೊಂಡೇ ಊಟ ಮಾಡಿದ. ನಿಮ್ಮ ವಿಜ್ಞಾನ ನನಗೆ ತಿಳಿಯಲಿಲ್ಲ, ತಾರೀಖು ತಿಳಿಯಿತು.

ಎರಡೂ ಪಟ್ಟಿಗಳು ಸೆಪ್ಟೆಂಬರ್ ಒಂಬತ್ತಕ್ಕೆ ಶುರುವಾಗಿ ಅಕ್ಟೋಬರ್ ಐದಕ್ಕೆ ಮುಗಿಯುತ್ತವೆ. ನಾಲ್ಕು ವಾರ. ಅದರಲ್ಲಿ ಅಕ್ಟೋಬರ್ ಎರಡು ಖಾಲಿ. ಸರಿ, ಗಾಂಧಿ ಜಯಂತಿ ಎಲ್ಲ ತೋಟಕ್ಕೂ ರಜೆ. ಉಳಿದಂತೆ ಖಾಲಿ ಇರುವುದು ಮೂರೇ ದಿನ, ಮೂರೂ ಭಾನುವಾರ.

ಈ ಸುತ್ತಿನಲ್ಲಿ ಆಳುಗಳಿಗೆ ವಾರದ ರಜೆ ಯಾವತ್ತು ಎಂದು ಯಾರನ್ನು ಬೇಕಾದರೂ ಕೇಳು. ಸಂತೆಯ ದಿನ. ಸಂತೆ ದಿನ ತೋಟಕ್ಕೆ ಬನ್ನಿ ಎಂದರೆ ಆಳು ನಗುತ್ತಾರೆ. ಭಾನುವಾರ ಕೆಲಸ ನಿಲ್ಲಿಸುವುದು ನಮ್ಮ ತೋಟವೊಂದೇ. ನಿನ್ನ ಮುತ್ತಜ್ಜ ಎಲಿಯಾಸ್ ಮಂಗಳೂರಿನಿಂದ ಬಂದು ಈ ತೋಟ ಹಿಡಿದಾಗ ಮಾಡಿದ ನಿಯಮ ಅದು, ಚರ್ಚಿನ ಪೂಜೆಯ ದಿನ ಕತ್ತಿ ಎತ್ತಬಾರದು ಎಂದು. ನಾನು ಬಂದ ಮೇಲೂ ಬದಲಿಸಲಿಲ್ಲ. ಸಂತೆ ತಪ್ಪುತ್ತದೆ ಎಂದು ಆಳುಗಳು ಬೈದುಕೊಳ್ಳುತ್ತಾರೆ, ಹಟಮಾರಿ ಮುದುಕಿ ಎಂದು ಪಕ್ಕದ ತೋಟದವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆ ಹುಡುಗ ನಿನ್ನ ಅಂಕಿಗಳ ಜೊತೆಗೆ ನಮ್ಮ ಭಾನುವಾರಗಳನ್ನೂ ಕದ್ದಿದ್ದಾನೆ. ಅವನ ಮಾವನ ತೋಟದಲ್ಲಿ ನಾಲ್ಕು ಸಂತೆ ದಿನವೂ ಗಿಡ ಎಣಿಸಿದರಂತೆ! ಅವನನ್ನು ಇದನ್ನು ಕೇಳು. ನೀನೇ ಕೇಳಬೇಕು.

ನಮ್ಮ ಹಾಜರಿ ಪುಸ್ತಕದಲ್ಲಿ ಪಟ್ಟಿಯ ಎಲ್ಲ ದಿನಗಳಲ್ಲೂ ಹುಲಿಯಮ್ಮನ ಹೆಸರಿನ ಮುಂದೆ ‘ಬೋರರ್’ ಎಂದು, ಅಂದರೆ ಕಾಂಡಕೊರಕ ಹುಡುಕುವ ಕೆಲಸವೆಂದು, ಬರೆದಿದೆ. ನಿನ್ನ ಜೊತೆ ಗಿಡ ತಡವಿದವಳು ಅವಳೇ ಅಲ್ಲವೇ? ಸಾಕ್ಷಿಗೆ ಅವಳ ಹೆಸರು ಕೊಡು. ಇದನ್ನು ಹೇಳಲು ನಾನೇ ಆಳುಗಳ ಲೈನ್ ಮನೆಗೆ ಹೋಗಿದ್ದೆ. ಅವಳು ಕಾಫಿ ಕೊಟ್ಟಳು.

‘ಅದ್ಯಾವನಂತೆ ಬಾಯಮ್ಮ ಎಣಿಸ್ದೋನು?’ ಅಂದಳು. ‘ನಮ್ ಎಲೈನಮ್ಮ ದಿನಾ ನನ್ ಹಿಂದೆ ಪುಸ್ತಕ ಹಿಡ್ಕಂಡು ಅಲೀತಿತ್ತು, ಜಿಗಣೆ ಕಚ್ಚುಸ್ಕಂಡು. ಅವನು ಒಂದು ಬೋರರ್ ಗಿಡ ಮುಟ್ಟಿ ತೋರುಸ್ಲಿ ನೋಡನ.’

ನೀನು ತಪ್ಪಾಯಿತೆಂದು ಬರೆದುಕೊಟ್ಟದ್ದನ್ನು ಹೇಳಿದೆ.

‘ಬರೀದೆ ಏನು ಮಾಡುತ್ತೆ, ನೀವು ಹೇಳಿದ ಮ್ಯಾಲೆ? ಹನ್ನೆರಡು ವರ್ಷದ ಹಿಂದೆ ಆ ಕಸಿ ಗರಗಸ ಕಳ್ದೋದಾಗ ನಾನೂ ಒತ್ತಿರ್ಲಿಲ್ವಾ ಹೆಬ್ಬೆಟ್ಟು? ನಾನು ಕದ್ದಿರ್ಲಿಲ್ಲ ಕಣ್ರೀ.’

‘ಮತ್ತೆ ಯಾಕೆ ಒತ್ತಿದೆ?’

‘ಒತ್ತದಿದ್ರೆ ಲೈನ್ ಖಾಲಿ ಮಾಡ್ಬೇಕಿತ್ತಲ್ಲ.’

ನಗುತ್ತಾ ಹೇಳಿದಳು, ಯಾರದೋ ಹಳೆಯ ಕಥೆ ಎನ್ನುವ ಹಾಗೆ. ನಾನು ಕಾಫಿ ಪೂರ್ತಿ ಕುಡಿಯಲಿಲ್ಲ.

ನಿನ್ನೆ ಚರ್ಚಿಗೆ ಪಾಪನಿವೇದನೆಗೆ ಹೋಗಿ ಬಂದೆ. ಅಲ್ಲಿ ಏನು ಹೇಳಿದೆ ಎಂಬುದು ನಿನಗೆ ಬೇಡ.

ಜೊತೆಗಾರರ ಜಾಗದಲ್ಲಿ ನನ್ನ ಹೆಸರು ಬರೆ. ಸ್ಪ್ರಿಂಕ್ಲರನ್ನು ನಿನ್ನ ಅಪ್ಪ ಡೆರಿಕ್ ನೋಡಿಕೊಳ್ಳುತ್ತಾನೆ. ಜೊತೆಗಾರರ ನಿಯಮ ಹೇಳಿದ್ದಕ್ಕೆ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ‘ಮಾಂಯ್, ಲೋಡ್ ಲಾರಿ ಹಾರನ್ ಹೊಡೀದೆ ಘಾಟಿ ಇಳಿದೀತು, ನೀವು ಸುಮ್ನೆ ಕೂರೋದು ಉಂಟಾ?’ ಎಂದ. ಕೂರುತ್ತೇನೆ. ನೋಡು ಬೇಕಾದರೆ.

ನಿನ್ನ ಅಜ್ಜಿ,
ಮೊಡೆಸ್ಟಾ


ತೋಟದ ಮನೆ, ದೋಣಿಗಲ್
4 ಏಪ್ರಿಲ್ 2025

ಶಿಸ್ತು ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ನಾನು ವಿದ್ಯಾರ್ಥಿನಿ ಎಲೈನ್‌ಳ ಅಜ್ಜಿ. ವಯಸ್ಸು ಎಪ್ಪತ್ತಮೂರು. ಹೈಸ್ಕೂಲಿನವರೆಗೆ ಓದಿದ್ದೇನೆ. ಗಂಡ ತೀರಿಕೊಂಡ ಮೇಲೆ ಮೂವತ್ತೊಂದು ವರ್ಷದಿಂದ ತೋಟ ನಡೆಸುತ್ತಿದ್ದೇನೆ. ವಿಚಾರಣೆಯಲ್ಲಿ ನಾನು ಮಾತನಾಡುವಂತಿಲ್ಲ ಎಂದು ತಿಳಿದು ಇದನ್ನು ಬರೆಯುತ್ತಿದ್ದೇನೆ.

ಫೆಬ್ರವರಿಯಲ್ಲಿ ಎಲೈನ್ ಕೊಟ್ಟ ತಪ್ಪೊಪ್ಪಿಗೆ ಅವಳದಲ್ಲ, ನನ್ನದು. ಬರೆ ಎಂದು ಹೇಳಿದವಳು ನಾನು. ಬರೆಯಿಸುವ ಮೊದಲು ನೀನು ತಪ್ಪು ಮಾಡಿದ್ದೀಯಾ ಎಂದು ನಾನು ಅವಳನ್ನು ಕೇಳಲಿಲ್ಲ. ಆ ದಿನ ನಾನು ಕಳಿಸಿದ ಕಾಗದವನ್ನು ಅವಳು ನಿಮಗೆ ತೋರಿಸುತ್ತಾಳೆ.

ಹೀಗೆ ಮಾಡಿದ್ದು ಏಕೆ ಎಂದು ನೀವು ಕೇಳಬಹುದು. ನನ್ನ ತೋಟದಲ್ಲಿ ಇಂಥ ಚೀಟಿಗಳನ್ನು ಬರೆಸಿಕೊಂಡು ನನಗೆ ಅಭ್ಯಾಸ. ಬರೆಸಿಕೊಂಡರೆ ಜಗಳ ನಿಲ್ಲುತ್ತದೆ. ಕೊಟ್ಟವರು ತಪ್ಪು ಮಾಡಿದ್ದರೇ ಎಂದು ನಾನು ವಿಚಾರಿಸುತ್ತಿರಲಿಲ್ಲ. ನಿಮ್ಮ ಮುಂದೆ ಸಾಕ್ಷಿ ಹೇಳಲು ಬರುವ ಹುಲಿಯಮ್ಮ ಹನ್ನೆರಡು ವರ್ಷದ ಹಿಂದೆ ಒಂದು ಗರಗಸ ಕದ್ದೆನೆಂದು ನನಗೆ ಹೆಬ್ಬೆಟ್ಟು ಒತ್ತಿ ಕೊಟ್ಟಿದ್ದಾಳೆ. ಅವಳು ಕದ್ದಿರಲಿಲ್ಲ. ಇದು ನನಗೆ ತಿಳಿದದ್ದು ಕಳೆದ ತಿಂಗಳು. ಕೇಳಿದ್ದರೆ ಅವತ್ತೇ ತಿಳಿಯುತ್ತಿತ್ತು.

ಆದ್ದರಿಂದ ತಪ್ಪೊಪ್ಪಿಗೆ ಎಂಬ ಕಾಗದಕ್ಕೆ ಎಷ್ಟು ಬೆಲೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಅದನ್ನು ಬದಿಗಿಟ್ಟು ಹುಡುಗಿಯನ್ನು ಕೇಳಿ. ಇಬ್ಬರನ್ನೂ ಕೇಳಿ. ನಾನು ದಯೆ ಬೇಡುತ್ತಿಲ್ಲ. ನಾನು ಮಾಡದ ಕೆಲಸವನ್ನು ನೀವು ಮಾಡಿ ಎನ್ನುತ್ತಿದ್ದೇನೆ.

ಹಾಜರಿ ಪುಸ್ತಕ ನನ್ನ ಚೀಲದಲ್ಲಿರುತ್ತದೆ.

ಇಂತಿ,
ಮೊಡೆಸ್ಟಾ


ಮಹಿಳಾ ಹಾಸ್ಟೆಲ್
16 ಏಪ್ರಿಲ್ 2025

ಪ್ರೀತಿಯ ಮಾಂಯ್,

ನಿನ್ನೆ ಬಸ್ ಹತ್ತಿಸುವಾಗ ಹೇಳಬೇಕೆಂದಿದ್ದನ್ನು ಈಗ ಬರೆಯುತ್ತಿದ್ದೇನೆ. ನೀವು ಕಿಟಕಿಯಿಂದ ‘ಒಳಗೆ ಹೋಗು, ಬಿಸಿಲು’ ಎಂದಿರಿ, ಅಷ್ಟೇ.

ಅಪ್ಪ ಫೋನ್ ಮಾಡಿ ಮೊದಲು ಕೇಳಿದ್ದು ನೀವು ಸುಮ್ಮನೆ ಕೂತಿದ್ದಿರಾ ಎಂದು. ಕೂತಿದ್ದರು ಎಂದೆ. ಎರಡು ಗಂಟೆ ನಲವತ್ತು ನಿಮಿಷ. ಅಪ್ಪ ನಂಬಲಿಲ್ಲ. ನಿಮ್ಮ ಕೈ ಹಾಜರಿ ಪುಸ್ತಕದ ಮೇಲೆ ಹೇಗೆ ಬಿಗಿದುಕೊಂಡಿತ್ತು ಎಂಬುದನ್ನು ನಾನು ಹೇಳಲಿಲ್ಲ.

ಹುಲಿಯಮ್ಮನನ್ನು ಕರೆದಾಗ ನನಗೆ ಭಯವಾಗಿತ್ತು. ಅವಳಿಗೆ ಆಗಲಿಲ್ಲ. ಬೋರರ್ ಹೇಗೆ ಗೊತ್ತಾಗುತ್ತದೆ ಎಂದು ಆ ಪ್ರೊಫೆಸರ್ ಕೇಳಿದರಲ್ಲ, ‘ಕಣ್ಣಿಗೆ ಕಾಣಕಿಂತ ಮುಂಚೆ ಕೈಗೆ ಸಿಗ್ತದೆ ಸ್ವಾಮಿ. ಕಾಂಡದ ಮ್ಯಾಲೆ ಗೆರೆ ಎದ್ದಿರ್ತದೆ. ನಿಮ್ ಮೇಜಿನ ಕಾಲಲ್ಲೂ ಹುಳ ಐತೆ, ನೋಡ್ಕಳಿ’ ಎಂದಳು. ಅವರು ಬಗ್ಗಿ ನೋಡಿಯೇ ಬಿಟ್ಟರು.

ಶ್ರೀನಾಥನನ್ನು ನಾನೇ ಕೇಳಿದೆ. ನಿನ್ನ ಮಾವನ ತೋಟದಲ್ಲಿ ವಾರದ ರಜೆ ಯಾವತ್ತು? ಅವನು ಯೋಚಿಸದೆ ‘ಸಂತೆ ದಿನ’ ಎಂದ. ಹಾಗಾದರೆ ನಿನ್ನ ಪಟ್ಟಿಯಲ್ಲಿ ನಾಲ್ಕೂ ಸಂತೆ ದಿನ ಎಣಿಸಿದವರು ಯಾರು, ಭಾನುವಾರ ಎಣಿಸದೆ ಬಿಟ್ಟದ್ದು ಯಾಕೆ? ಅವನು ಪಟ್ಟಿ ನೋಡಿದ. ಪುಟ ಮಗುಚಿ ಮೊದಲಿನಿಂದ ಮತ್ತೆ ನೋಡಿದ. ನನಗೆ ಗೆದ್ದ ಹಾಗೆ ಅನಿಸಲಿಲ್ಲ ಮಾಂಯ್. ಜಾಂಡಿಸ್‌ನಲ್ಲಿ ಅವನ ಕಣ್ಣು ಹಳದಿಯಾಗಿದ್ದದ್ದು ನೆನಪಾಯಿತು.

ಆಮೇಲೆ ಅಧ್ಯಕ್ಷರು ನಿಮ್ಮ ಕಾಗದವನ್ನು ಎಲ್ಲರ ಮುಂದೆ ಓದಿದರು. ಗರಗಸದ ಸಾಲು ಬಂದಾಗ ಹುಲಿಯಮ್ಮ ಸೆರಗು ಸರಿಮಾಡಿಕೊಂಡಳು. ನೀವು ಎದುರಿನ ಗೋಡೆ ನೋಡುತ್ತಿದ್ದಿರಿ. ‘ಇದು ನೀವೇ ಬರೆದದ್ದೇ?’ ಎಂದು ಅವರು ಕೇಳಿದಾಗ ನೀವು ಬಾಯಿ ತೆರೆದು, ಗುಮಾಸ್ತರ ಕಡೆ ನೋಡಿ, ಮತ್ತೆ ಮುಚ್ಚಿ, ತಲೆಯಾಡಿಸಿದಿರಿ.

ನಿಮ್ಮನ್ನು ಹಾಗೆ ನಾನು ಯಾವತ್ತೂ ನೋಡಿರಲಿಲ್ಲ.

ತೀರ್ಮಾನ ತಿಂಗಳ ಕೊನೆಗೆ ಬರುತ್ತದಂತೆ.

ನಿಮ್ಮ
ಎಲೈನ್


ತೋಟದ ಮನೆ, ದೋಣಿಗಲ್
22 ಏಪ್ರಿಲ್ 2025

ಎಲೈನ್,

ಈಸ್ಟರ್ ಪಾಸ್ಕ ಹಬ್ಬ ಕಳೆಯಿತು. ನೀನಿಲ್ಲದೆ ಹಬ್ಬಕ್ಕೆ ಬೇಯಿಸಿದ ಸಾನ್ನ ಮಿಕ್ಕಿತು.

ಅವತ್ತು ಬಸ್ಸಿನಲ್ಲಿ ಹಾಸನ ದಾಟುವವರೆಗೂ ಹುಲಿಯಮ್ಮ ಎಲೆಅಡಿಕೆ ಜಗಿಯುತ್ತಾ ಕೂತಿದ್ದಳು. ಆಮೇಲೆ, ‘ಅಷ್ಟು ಜನರ ಮುಂದೆ ಓದ್ಸಿದ್ರಲ್ಲ ಬಾಯಮ್ಮ, ನಂಗೆ ಇಲ್ಲೇ ಹೇಳಿದ್ರೆ ಆಗ್ತಿರ್ಲಿಲ್ವಾ?’ ಎಂದಳು. ಅವಳು ಹೇಳಿದ್ದು ಸರಿ. ಮರುದಿನ ಬೆಳಿಗ್ಗೆ ಹಾಜರಿ ಕೂಗುವಾಗ ಎಲ್ಲ ಆಳುಗಳೂ ಇದ್ದರು, ಆಗ ಹೇಳಿದೆ. ಎರಡೇ ಮಾತು. ಡೆರಿಕ್ ಬೂಟಿನ ಲೇಸು ಕಟ್ಟುವವನ ಹಾಗೆ ಬಗ್ಗಿಕೊಂಡ. ‘ಆಯ್ತು ಬುಡಿ ಬಾಯಮ್ಮ, ಬಿಸ್ಲೇರ್ತದೆ’ ಎಂದು ಹುಲಿಯಮ್ಮ ಕೆಲಸಕ್ಕೆ ಹೊರಟಳು.

ತೀರ್ಮಾನ ಬಂದ ದಿನವೇ ತಿಳಿಸು. ವಿರುದ್ಧವಾಗಿ ಬಂದರೆ ಮೇಲ್ಮನವಿ ಹಾಕುವುದು, ಅದಕ್ಕೂ ಮೇಲೆ ಕೋರ್ಟಿಗೆ ಹೋಗುವುದು. ಹಾಸನದಲ್ಲಿ ವಕೀಲರನ್ನು ನೋಡಿ ಬಂದಿದ್ದೇನೆ. ನೀನು ಹೆದರಬೇಡ.

ಮೊಡೆಸ್ಟಾ


ಮಹಿಳಾ ಹಾಸ್ಟೆಲ್
5 ಮೇ 2025

ಪ್ರೀತಿಯ ಮಾಂಯ್,

ತೀರ್ಮಾನ ಬಂದ ದಿನವೇ ತಿಳಿಸು ಎಂದಿದ್ದಿರಿ. ಐದು ದಿನ ತಡವಾಗಿ ಬರೆಯುತ್ತಿದ್ದೇನೆ. ಬೇಕೆಂದೇ.

ಕಳವಿನ ಆರೋಪ ಬಿಟ್ಟಿದ್ದಾರೆ. ವರದಿಯನ್ನು ಒಪ್ಪಿಕೊಂಡಿದ್ದಾರೆ. ಅಮಾನತಿಲ್ಲ. ಜೂನ್‌ನಲ್ಲಿ ಪರೀಕ್ಷೆ ಬರೆಯುತ್ತೇನೆ. ಶ್ರೀನಾಥನ ವಿಚಾರಣೆ ಬೇರೆ ನಡೆಯುತ್ತದೆ. ಅವನಿಗೆ ಜೊತೆಗಾರರು ಯಾರೂ ಇಲ್ಲವಂತೆ. ಆ ಜಾಗದಲ್ಲಿ ನನ್ನ ಹೆಸರು ಬರೆಯಲೇ ಎಂದು ನಾನು ಇನ್ನೂ ಯೋಚಿಸುತ್ತಿದ್ದೇನೆ.

ಆದರೆ ಕೊನೆಯಲ್ಲಿ ಇನ್ನೊಂದು ಸಾಲಿದೆ. ಸತ್ಯವಲ್ಲದ ಲಿಖಿತ ಹೇಳಿಕೆಯನ್ನು ಸಮಿತಿಗೆ ಕೊಟ್ಟದ್ದಕ್ಕಾಗಿ ನನಗೆ ಎಚ್ಚರಿಕೆ. ಅದು ನನ್ನ ಫೈಲಿನಲ್ಲಿರುತ್ತದೆ, ಅಂಕಪಟ್ಟಿಯಲ್ಲಿರುವುದಿಲ್ಲ. ಒಪ್ಪಿ ಸಹಿ ಹಾಕಬೇಕು, ಇಲ್ಲವಾದರೆ ಹದಿನೈದು ದಿನದೊಳಗೆ ಮೇಲ್ಮನವಿ ಹಾಕಬೇಕು.

ನಿಮಗೆ ತಿಳಿಸಿದ್ದರೆ ಮೇಲ್ಮನವಿ ಎನ್ನುತ್ತಿದ್ದಿರಿ. ತಪ್ಪು ನನ್ನದು, ಎಚ್ಚರಿಕೆ ನನ್ನ ಹೆಸರಿಗೆ ಕಳಿಸಿ ಎಂದು ಇನ್ನೊಂದು ಕಾಗದ ಬರೆಯುತ್ತಿದ್ದಿರಿ. ವಕೀಲರನ್ನೂ ಎಬ್ಬಿಸುತ್ತಿದ್ದಿರಿ.

ನಾನು ಸಹಿ ಹಾಕಿದೆ ಮಾಂಯ್. ಬರೆ ಎಂದು ನೀವು ಹೇಳಿದಿರಿ, ನಿಜ. ಆದರೆ ನನಗೆ ಇಪ್ಪತ್ತಮೂರು ವರ್ಷ. ಪೆನ್ನು ನನ್ನ ಕೈಯಲ್ಲಿತ್ತು. ಬೇಡ ಎನ್ನಬಹುದಿತ್ತು. ನಾನು ಮಾಡದ್ದನ್ನು ಹೊತ್ತುಕೊಂಡಾಗ ಎರಡು ತಿಂಗಳು ನಿದ್ದೆ ಬರಲಿಲ್ಲ. ಇದು ನಾನು ಮಾಡಿದ್ದು. ಸಹಿ ಹಾಕಿ ಬಂದು ಹೊಟ್ಟೆ ತುಂಬಾ ಊಟ ಮಾಡಿದೆ.

ಬೈಯುವುದಿದ್ದರೆ ಕಾಗದದಲ್ಲೇ ಬೈಯಿರಿ.

ನಿಮ್ಮ
ಎಲೈನ್


ತೋಟದ ಮನೆ, ದೋಣಿಗಲ್
9 ಮೇ 2025

ಪ್ರೀತಿಯ ಎಲೈನ್,

ನಿನ್ನ ಕಾಗದ ಓದಿ ಸಿಟ್ಟು ಬಂತು. ನನ್ನ ಮುಖ ನೋಡಿ ಡೆರಿಕ್ ಜೀಪು ತೆಗೆದುಕೊಂಡು ಪೇಟೆಗೆ ಹೋಗಿಬಿಟ್ಟ. ಮಧ್ಯಾಹ್ನ ಇನ್ನೊಮ್ಮೆ ಓದಿದೆ. ವಕೀಲರಿಗೆ ಫೋನ್ ಮಾಡಿ ಬೇಡ ಎಂದೆ.

ಆ ಹುಡುಗನ ವಿಚಾರ ನಿನಗೆ ಬಿಟ್ಟದ್ದು. ಅವನ ಪಕ್ಕದಲ್ಲಿ ಕೂರಲು ನನ್ನನ್ನು ಮಾತ್ರ ಕರೆಯಬೇಡ, ಎರಡನೇ ಸಲ ಬಾಯಿ ಮುಚ್ಚಿಕೊಂಡಿರಲು ನನ್ನಿಂದ ಆಗುವುದಿಲ್ಲ.

ನೀನು ನನ್ನನ್ನು ಕೇಳದೆ ಸಹಿ ಹಾಕಿದೆ. ಸರಿ ಮಾಡಿದೆ. ಈ ಮನೆಯಲ್ಲಿ ನನ್ನ ಮಾತು ಮೀರಿದ ಯಾರಿಗೂ ನಾನು ‘ಸರಿ ಮಾಡಿದೆ’ ಎಂದು ಹೇಳಿಲ್ಲ, ನಿನ್ನ ಅಪ್ಪನಿಗೂ ಹೇಳಿಲ್ಲ. ಇನ್ನೊಮ್ಮೆ ಬರೆಯುವವಳೂ ನಾನಲ್ಲ.

ಈ ಕಾಗದವನ್ನು ಜೋಪಾನವಾಗಿಟ್ಟುಕೋ.

ನಿನ್ನ ಅಜ್ಜಿ,
ಮೊಡೆಸ್ಟಾ